ವರ್ಡ್‌ನ ಮಲ್ಟಿಲೆವೆಲ್ ಲಿಸ್ಟ್: ಎಂಜಿನ್ ಗಟ್ಟಿ, ಸ್ಟೀರಿಂಗ್ ಸಡಿಲ

ಟೆಂಡರ್ ದಾಖಲೆ, ಡಿಪಿಆರ್ (ವಿವರವಾದ ಯೋಜನಾ ವರದಿ), ಯಂತ್ರದ ಕೈಪಿಡಿ, ಪಿಎಚ್‌.ಡಿ. ಪ್ರಬಂಧ. ನೂರು ಪುಟ ದಾಟಿದ ಯಾವುದನ್ನೇ ವರ್ಡ್‌ನಲ್ಲಿ ಬರೆದರೂ ಕೊನೆಯ ವಾರದಲ್ಲಿ ಕೇಳಿಬರುವ ಗೋಳು ಒಂದೇ. 3.2 ಆದ ಮೇಲೆ 3.3 ಬರಬೇಕಾದಲ್ಲಿ 1.1 ಬಂದು ಕೂತಿರುತ್ತದೆ, ಒಂದು ಹೆಡಿಂಗ್‌ಗೆ ನಂಬರೇ ಇಲ್ಲ, ಇನ್ನೊಂದರ ನಂಬರ್ ಜಾಗದಲ್ಲಿ ಕಪ್ಪು ಚೌಕ. ಬೇಸತ್ತವರು ನಂಬರ್‌ಗಳನ್ನು ಕೈಯಲ್ಲೇ ಟೈಪ್ ಮಾಡಿ ಮುಗಿಸುತ್ತಾರೆ. ನಡುವೆ ಒಂದು ವಿಭಾಗ ಸೇರಿಸಬೇಕಾಗಿ ಬಂದ ದಿನ ಪರಿವಿಡಿಯಿಂದ ಹಿಡಿದು "ವಿಭಾಗ 4.6 ನೋಡಿ" ಎಂಬ ಸಾಲಿನವರೆಗೆ ಎಲ್ಲವೂ ಸುಳ್ಳಾಗುತ್ತದೆ.

ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ವಿಂಡೋಸ್‌ನಲ್ಲಿ ಓಡುವ ಡೆಸ್ಕ್‌ಟಾಪ್ ವರ್ಡ್‌ನ ಮಲ್ಟಿಲೆವೆಲ್ ಲಿಸ್ಟ್ ಸೌಲಭ್ಯ, ಅಂದರೆ ಹೆಡಿಂಗ್‌ಗಳಿಗೆ 1, 1.1, 1.1.1 ಎಂದು ಹಂತ ಹಂತವಾಗಿ ತಾನೇ ನಂಬರ್ ಹಾಕುವ ಏರ್ಪಾಡು. ಪಕ್ಕದಲ್ಲಿಟ್ಟು ತೂಗಲು ಉಚಿತವಾಗಿ ಸಿಗುವ ಲಿಬ್ರೆಆಫೀಸ್ ರೈಟರ್. ತೀರ್ಪು ಮೊದಲೇ ಹೇಳಿಬಿಡುವುದಾದರೆ, ಒಳಗಿನ ಯಂತ್ರ ನಿಜಕ್ಕೂ ಗಟ್ಟಿ. ಸರಿಯಾಗಿ ಕಟ್ಟಿದ ಫೈಲು ಐನೂರು ಪುಟಕ್ಕೂ ಅಲುಗುವುದಿಲ್ಲ. ಕೆಟ್ಟಿರುವುದು ಅದರ ಮೇಲಿನ ಗುಂಡಿಗಳ ಜೋಡಣೆ. ಹೋಮ್ ಟ್ಯಾಬ್‌ನಲ್ಲಿ ಕೈಗೆ ಮೊದಲು ಸಿಗುವ ನಂಬರಿಂಗ್ ಗುಂಡಿ ಹೆಡಿಂಗ್‌ಗಳ ಮಟ್ಟಿಗೆ ಒತ್ತಲೇಬಾರದ ಗುಂಡಿ. ಒತ್ತಬೇಕಾದದ್ದು ಮೂರು ಮೆನು ಒಳಗೆ ಅವಿತಿದೆ.

ನಂಬರ್ ಎಲ್ಲಿರುತ್ತದೆ

ಹೆಡಿಂಗ್‌ನ ಮುಂದೆ ಕಾಣುವ 3.2 ಆ ಪ್ಯಾರಾದಲ್ಲಿ ಇರುವುದೇ ಇಲ್ಲ. ವರ್ಡ್ ಉಳಿಸುವ ಡಾಕ್ಸ್ (.docx) ಫೈಲಿನ ಒಂದು ಪ್ರತಿ ಮಾಡಿ, ಅದರ ಎಕ್ಸ್‌ಟೆನ್ಶನ್ ಜಿಪ್ ಎಂದು ಬದಲಿಸಿ ತೆರೆದರೆ ವರ್ಡ್ ಎಂಬ ಫೋಲ್ಡರಿನೊಳಗೆ ನಂಬರಿಂಗ್ ಹೆಸರಿನ ಎಕ್ಸ್‌ಎಂಎಲ್ ಕಡತ ಸಿಗುತ್ತದೆ. ಅದರಲ್ಲಿ ಎರಡು ಬಗೆಯ ನಮೂದು. ಒಂದು ಅಚ್ಚು: ಯಾವ ಲೆವೆಲ್‌ಗೆ ಯಾವ ರೂಪ, ಎಷ್ಟು ಜಾಗ ಬಿಡಬೇಕು, ಯಾವ ಸ್ಟೈಲ್‌ಗೆ (ಹೆಸರಿಟ್ಟ ಸಿದ್ಧ ವಿನ್ಯಾಸಕ್ಕೆ) ಸೇರಿದ್ದು ಎಂದು ಹೇಳುವಂಥದ್ದು. ಇನ್ನೊಂದು ಆ ಅಚ್ಚನ್ನು ಬಳಸುವ ಪಟ್ಟಿ. ಪ್ಯಾರಾದಲ್ಲಾಗಲಿ ಅದರ ಸ್ಟೈಲ್‌ನಲ್ಲಾಗಲಿ ಇರುವುದು "ನಾನು ಇಂಥ ಪಟ್ಟಿಯ ಇಂಥ ಲೆವೆಲ್" ಎಂಬ ಚೀಟಿ ಮಾತ್ರ. ಎಣಿಕೆ ವರ್ಡ್ ಆಗಿಂದಾಗ ಮಾಡಿಕೊಳ್ಳುತ್ತದೆ.

ಹೆಡಿಂಗ್ 1, 2, 3 ಮೂರೂ ಸ್ಟೈಲ್‌ಗಳ ಚೀಟಿ ಒಂದೇ ಪಟ್ಟಿಯನ್ನು ತೋರಿಸುತ್ತಿದ್ದರೆ ಎಣಿಕೆ ತಪ್ಪುವ ಪ್ರಶ್ನೆಯೇ ಇಲ್ಲ. ಯಾರೋ ಒಂದು ಹೆಡಿಂಗ್ ಮೇಲೆ ಕರ್ಸರ್ ಇಟ್ಟು ನಂಬರಿಂಗ್ ಗುಂಡಿ ಒತ್ತಿದರೆ, ಅಥವಾ ರೈಟ್ ಕ್ಲಿಕ್ ಮಾಡಿ 'ರೀಸ್ಟಾರ್ಟ್ ಆಟ್ 1' ಕೊಟ್ಟರೆ, ಆ ಪ್ಯಾರಾಕ್ಕೆ ಬೇರೆ ಪಟ್ಟಿಯ ಚೀಟಿ ಅಂಟುತ್ತದೆ. ನಂಬರ್ ಮೇಲೆ ಬ್ಯಾಕ್‌ಸ್ಪೇಸ್ ಒತ್ತಿದರೆ "ಪಟ್ಟಿ ಸೊನ್ನೆ", ಅಂದರೆ ನಂಬರೇ ಬೇಡ ಎಂಬ ಚೀಟಿ. ಹೊರಗಿನಿಂದ ಒಂದು ಅಧ್ಯಾಯ ತಂದು ಅಂಟಿಸಿದರೆ ಅದರ ಪಟ್ಟಿಯೂ ಬೆನ್ನಿಗೆ ಬರುತ್ತದೆ. ಹತ್ತು ಕೈ ದಾಟಿದ ಫೈಲಿನಲ್ಲಿ ಇಂಥ ಪಟ್ಟಿಗಳು ನೂರಾರು ಸೇರಿಕೊಂಡಿರುತ್ತವೆ. ಪರದೆಯ ಮೇಲೆ ಎಲ್ಲವೂ ಒಂದೇ ಥರ ಕಾಣುವುದರಿಂದ ರೋಗ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ವರ್ಡ್‌ನ ದೊಡ್ಡ ಲೋಪ ಇದೇ: ಯಾವ ಪ್ಯಾರಾ ಯಾವ ಪಟ್ಟಿಗೆ ಸೇರಿದೆ ಎಂದು ಫೈಲಿನುದ್ದಕ್ಕೂ ಒಟ್ಟಿಗೆ ತೋರಿಸುವ ಒಂದು ಕಿಟಕಿಯೂ ಅದರಲ್ಲಿಲ್ಲ. ಶಿಫ್ಟ್+ಎಫ್1 ಒತ್ತಿದರೆ ತೆರೆಯುವ ರಿವೀಲ್ ಫಾರ್ಮ್ಯಾಟಿಂಗ್ ಒಂದೊಂದೇ ಪ್ಯಾರಾ ತೋರಿಸುತ್ತದೆ, ಅಷ್ಟೇ.

ಒಮ್ಮೆ ಸರಿಯಾಗಿ ಕಟ್ಟುವುದು

ಮೊದಲು ಹೆಡಿಂಗ್‌ಗಳಿಗೆಲ್ಲ ವರ್ಡ್‌ನದೇ ಹೆಡಿಂಗ್ 1, 2, 3 ಸ್ಟೈಲ್ ಹಚ್ಚಿ. ಆಲ್ಟ್+ಕಂಟ್ರೋಲ್ ಜೊತೆ 1, 2 ಅಥವಾ 3 ಒತ್ತಿದರೆ ಸಾಕು. ದಪ್ಪಕ್ಷರ ಮಾಡಿ ಹೆಡಿಂಗ್‌ನಂತೆ ತೋರಿಸಿದ ಸಾಲು ಹೆಡಿಂಗ್ ಅಲ್ಲ. ಪರಿವಿಡಿಗೂ ಅದು ಬರುವುದಿಲ್ಲ.

ಆಮೇಲೆ ಒಂದು ಹೆಡಿಂಗ್ 1 ಪ್ಯಾರಾದಲ್ಲಿ ಕರ್ಸರ್ ಇಟ್ಟು ಹೋಮ್ ಟ್ಯಾಬ್‌ನ ಮಲ್ಟಿಲೆವೆಲ್ ಲಿಸ್ಟ್ ಗುಂಡಿಯ ಬಾಣ ಒತ್ತಿ. ಕೆಳಗೆ 'ಡಿಫೈನ್ ನ್ಯೂ ಮಲ್ಟಿಲೆವೆಲ್ ಲಿಸ್ಟ್', 'ಡಿಫೈನ್ ನ್ಯೂ ಲಿಸ್ಟ್ ಸ್ಟೈಲ್' ಎಂಬ ಎರಡು ಆಯ್ಕೆ ಇವೆ. ಎರಡನೆಯದನ್ನೇ ಆರಿಸಿ. ಮೊದಲನೆಯದರಿಂದಲೂ ಕೆಲಸ ಆಗುತ್ತದೆ, ಆದರೆ ಅದು ಕಟ್ಟುವ ಪಟ್ಟಿಗೆ ಹೆಸರಿರುವುದಿಲ್ಲ. ಆರು ತಿಂಗಳ ನಂತರ ತಿದ್ದಲು ಹೋದವರು ಹಳೆಯದನ್ನು ಬಿಟ್ಟು ಹೊಸ ಪಟ್ಟಿಯನ್ನೇ ಕಟ್ಟಿಬಿಡುತ್ತಾರೆ. ಲಿಸ್ಟ್ ಸ್ಟೈಲ್‌ಗೆ ಹೆಸರಿರುತ್ತದೆ, ಅದೇ ಗ್ಯಾಲರಿಯಲ್ಲಿ ರೈಟ್ ಕ್ಲಿಕ್ ಮಾಡಿ 'ಮಾಡಿಫೈ' ಕೊಟ್ಟರೆ ಮತ್ತೆ ಅದೇ ಪಟ್ಟಿ ತೆರೆದುಕೊಳ್ಳುತ್ತದೆ.

ಹೆಸರು ಕೊಟ್ಟು ಫಾರ್ಮ್ಯಾಟ್, ನಂಬರಿಂಗ್ ಒತ್ತಿ. ತೆರೆದ ಕಿಟಕಿಯ ಎಡ ಮೂಲೆಯಲ್ಲಿ 'ಮೋರ್' ಗುಂಡಿಯಿದೆ. ಅದನ್ನು ಒತ್ತದಿದ್ದರೆ ಮುಖ್ಯವಾದದ್ದೇ ಕಾಣದು. ಎಡಗಡೆ ಲೆವೆಲ್ 1 ಆರಿಸಿ, ಬಲಗಡೆ 'ಲಿಂಕ್ ಲೆವೆಲ್ ಟು ಸ್ಟೈಲ್' ಎದುರು ಹೆಡಿಂಗ್ 1. ಲೆವೆಲ್ 2ಕ್ಕೆ ಹೆಡಿಂಗ್ 2, ಲೆವೆಲ್ 3ಕ್ಕೆ ಹೆಡಿಂಗ್ 3. ಲೆವೆಲ್ 2ರ ನಂಬರ್ ಪೆಟ್ಟಿಗೆಯನ್ನು ಖಾಲಿ ಮಾಡಿ, 'ಇನ್‌ಕ್ಲೂಡ್ ಲೆವೆಲ್ ನಂಬರ್ ಫ್ರಮ್'ನಲ್ಲಿ ಲೆವೆಲ್ 1 ಆರಿಸಿ, ಒಂದು ಚುಕ್ಕೆ ಟೈಪ್ ಮಾಡಿ, ಕೊನೆಗೆ ನಂಬರ್ ಸ್ಟೈಲ್‌ನಿಂದ 1, 2, 3 ಆರಿಸಿ. ಪೆಟ್ಟಿಗೆಯಲ್ಲಿ ಅಂಕಿಗಳ ಹಿಂದೆ ಬೂದು ಬಣ್ಣ ಇರಬೇಕು. ಬೂದು ಇದ್ದರೆ ಅದು ಜೀವಂತ ಅಂಕಿ. ಇಲ್ಲದಿದ್ದರೆ ನೀವು ಕೀಬೋರ್ಡಿನಿಂದ ಒತ್ತಿದ ಸತ್ತ ಅಂಕಿ. ಏಳನೇ ಅಧ್ಯಾಯದಲ್ಲೂ 1.1, 1.2 ಎಂದೇ ಬರುತ್ತಿದ್ದರೆ ಮೊದಲು ನೋಡಬೇಕಾದ ಜಾಗ ಇದು.

ಕೊನೆಯ ಅಂಕಿಯ ನಂತರ ಚುಕ್ಕೆ ಬೇಡ. ದಾಖಲೆಗಳ ವಿಭಾಗ ಸಂಖ್ಯೆಗೆಂದೇ ಇರುವ ಐಎಸ್ಒ 2145 ಕೂಡ 2.1 ಎನ್ನುತ್ತದೆ, 2.1. ಎನ್ನುವುದಿಲ್ಲ. ವಾಕ್ಯದ ನಡುವೆ ಉಲ್ಲೇಖ ಬಂದಾಗ ಆ ಹೆಚ್ಚುವರಿ ಚುಕ್ಕೆ ಮುಳ್ಳಿನಂತೆ ಚುಚ್ಚುತ್ತದೆ.

'ರೀಸ್ಟಾರ್ಟ್ ಲಿಸ್ಟ್ ಆಫ್ಟರ್' ಎಂಬ ಟಿಕ್ ಲೆವೆಲ್ 2ಕ್ಕೆ ಲೆವೆಲ್ 1, ಲೆವೆಲ್ 3ಕ್ಕೆ ಲೆವೆಲ್ 2 ಎಂದಿರಲಿ. ಲೆವೆಲ್ 2ರಲ್ಲಿ ಟಿಕ್ ತೆಗೆದರೆ 1.1, 1.2 ಆಗಿ ಮುಂದಿನ ಅಧ್ಯಾಯ 2.3ರಿಂದ ಶುರುವಾಗುತ್ತದೆ. ಲೆವೆಲ್ 3ಕ್ಕೆ ತಪ್ಪಿ ಲೆವೆಲ್ 1 ಕೊಟ್ಟರೆ 1.1.2 ಆದ ಮೇಲೆ 1.2.3. ಅಧ್ಯಾಯಕ್ಕೆ ರೋಮನ್ ಅಂಕಿ, ವಿಭಾಗಕ್ಕೆ ಮಾಮೂಲಿ ಅಂಕಿ ಬೇಕಿದ್ದರೆ ಲೆವೆಲ್ 2ರಿಂದ ಕೆಳಕ್ಕೆ 'ಲೀಗಲ್ ಸ್ಟೈಲ್ ನಂಬರಿಂಗ್' ಟಿಕ್ ಮಾಡಿ. ಆಗ ರೋಮನ್ ನಾಲ್ಕರ ಕೆಳಗೆ 4.1 ಬರುತ್ತದೆ.

ಜಾಗದ ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ವರ್ಡ್‌ನ ಸಿದ್ಧ ಹೆಡಿಂಗ್ ಪಟ್ಟಿಯಲ್ಲಿ ನಂಬರಿಗೆ ಬಿಟ್ಟ ಜಾಗ ಲೆವೆಲ್ 1ಕ್ಕೆ 0.76 ಸೆಂ.ಮೀ., ಲೆವೆಲ್ 2ಕ್ಕೆ 1.02, ಲೆವೆಲ್ 3ಕ್ಕೆ 1.27. ಸಾಮಾನ್ಯ ಫಾಂಟಿನಲ್ಲಿ ಒಂದು ಅಂಕಿಯ ಅಗಲ ಅಕ್ಷರದ ಅಳತೆಯ ಅರ್ಧ, ಚುಕ್ಕೆಯದು ಕಾಲು. 13 ಪಾಯಿಂಟಿನ ಹೆಡಿಂಗ್ 2ರಲ್ಲಿ 10.12 ಎಂಬುದಕ್ಕೆ ನಾಲ್ಕು ಅಂಕಿ, ಒಂದು ಚುಕ್ಕೆ ಸೇರಿ ಸುಮಾರು 29 ಪಾಯಿಂಟ್, ಅಂದರೆ 1.03 ಸೆಂ.ಮೀ. ಕೊಟ್ಟ ಜಾಗಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಹಾಗಾಗಿ ಒಂಬತ್ತನೇ ಅಧ್ಯಾಯದವರೆಗೆ ನೆಟ್ಟಗಿದ್ದ ಶೀರ್ಷಿಕೆಗಳು ಹತ್ತನೇ ಅಧ್ಯಾಯದ ಹತ್ತನೇ ವಿಭಾಗದಲ್ಲಿ ಮುಂದಿನ ಟ್ಯಾಬ್‌ಗೆ ಹಾರುತ್ತವೆ. ಮದ್ದು ಸುಲಭ: 'ಅಲೈನ್ಡ್ ಆಟ್' ಎಲ್ಲ ಲೆವೆಲ್‌ಗೂ 0, 'ಟೆಕ್ಸ್ಟ್ ಇಂಡೆಂಟ್ ಆಟ್' ಲೆವೆಲ್ 1ಕ್ಕೆ 1.2, ಲೆವೆಲ್ 2ಕ್ಕೆ 1.5, ಲೆವೆಲ್ 3ಕ್ಕೆ 2 ಸೆಂ.ಮೀ. ಈ ಅಳತೆಗಳನ್ನು ಇದೇ ಕಿಟಕಿಯಲ್ಲಿ ಕೊಡಿ. ಪ್ಯಾರಾಗ್ರಾಫ್ ಕಿಟಕಿಯಲ್ಲೋ ರೂಲರ್ ಎಳೆದೋ ಕೊಟ್ಟರೆ ಪಟ್ಟಿ ಒಂದು ಹೇಳುತ್ತದೆ, ಸ್ಟೈಲ್ ಇನ್ನೊಂದು: ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಕೆಟ್ಟ ಫೈಲು ಕೈಗೆ ಬಂದಾಗ

ಅಲ್ಲೊಂದು ಇಲ್ಲೊಂದು ಹೆಡಿಂಗ್ ಮಾತ್ರ ತಪ್ಪಿದ್ದರೆ ಕಂಟ್ರೋಲ್+ಕ್ಯೂ. ಪ್ಯಾರಾದ ಮೇಲೆ ಅಂಟಿದ ಚೀಟಿ ಕಿತ್ತು ಸ್ಟೈಲ್‌ನ ಚೀಟಿಯೇ ಉಳಿಯುತ್ತದೆ. ಇಡೀ ಫೈಲಿಗೆ ಒಮ್ಮೆಲೇ ಮಾಡಲು ಸ್ಟೈಲ್ಸ್ ಪೇನ್ ತೆರೆದು, ಹೆಡಿಂಗ್ 2ರ ಮೇಲೆ ರೈಟ್ ಕ್ಲಿಕ್ ಮಾಡಿ, 'ಸೆಲೆಕ್ಟ್ ಆಲ್' ಕೊಟ್ಟು ಆಮೇಲೆ ಕಂಟ್ರೋಲ್+ಕ್ಯೂ ಒತ್ತಿ. ಹೆಡಿಂಗ್ 1, 3ಕ್ಕೂ ಹೀಗೆಯೇ. ಬಹುಪಾಲು ರೋಗ ಇಷ್ಟರಲ್ಲೇ ಗುಣವಾಗುತ್ತದೆ. ಆಗಲಿಲ್ಲವೆಂದರೆ ಸ್ಟೈಲ್‌ನ ಚೀಟಿಯೇ ಕೆಟ್ಟಿದೆ ಎಂದರ್ಥ. ಆಗ ಲಿಸ್ಟ್ ಸ್ಟೈಲ್‌ನ ಕಿಟಕಿಗೆ ಹೋಗಿ ಮೂರೂ ಲೆವೆಲ್‌ಗಳ ಲಿಂಕ್ ಮತ್ತೆ ಕೊಡಬೇಕು.

ಕಪ್ಪು ಚೌಕ ವರ್ಡ್‌ನ ಹಳೆಯ ಕಾಯಿಲೆ. ಪಟ್ಟಿಯ ಅಚ್ಚಿನಲ್ಲಿ ನಂಬರಿನ ಫಾಂಟ್ ವಿವರ ಹಾಳಾದಾಗ ಅಂಕಿಯ ಬದಲು ಕಪ್ಪು ಪಟ್ಟೆ ಕಾಣುತ್ತದೆ. ಚೌಕದ ಬಲಕ್ಕೆ ಕರ್ಸರ್ ಇಟ್ಟು, ಎಡ ಬಾಣ ಒತ್ತುತ್ತಾ ಹೋಗಿ ಚೌಕ ಬೂದು ಬಣ್ಣಕ್ಕೆ ತಿರುಗಿದ ಮೇಲೆ ಕಂಟ್ರೋಲ್+ಶಿಫ್ಟ್+ಎಸ್ ಒತ್ತಿ, ಬಂದ ಸಣ್ಣ ಕಿಟಕಿಯಲ್ಲಿ 'ರೀಅಪ್ಲೈ' ಕೊಟ್ಟರೆ ಅಂಕಿ ಮರಳುತ್ತದೆ. ಮತ್ತೆ ಮತ್ತೆ ಬರುತ್ತಿದ್ದರೆ ಫೈಲಿನ ಪ್ರತಿಯೊಂದು ಲಿಸ್ಟ್ ಟೆಂಪ್ಲೇಟಿನ (ಪಟ್ಟಿಯ ಅಚ್ಚಿನ) ಪ್ರತಿ ಲೆವೆಲ್‌ನ ಫಾಂಟನ್ನು ರೀಸೆಟ್ ಮಾಡುವ ಐದಾರು ಸಾಲಿನ ಮ್ಯಾಕ್ರೋ (ವರ್ಡ್‌ನೊಳಗೇ ಓಡುವ ಪುಟ್ಟ ಪ್ರೋಗ್ರಾಂ) ಓಡಿಸುವುದು ಮೇಲು. ಇಷ್ಟು ವರ್ಷವಾದರೂ ಇದಕ್ಕೆ ಬಳಕೆದಾರರೇ ಮದ್ದು ಅರೆದುಕೊಳ್ಳಬೇಕಿರುವುದು ದುಡ್ಡು ಕೊಟ್ಟು ಕೊಂಡ ತಂತ್ರಾಂಶಕ್ಕೆ ಶೋಭೆಯಲ್ಲ.

ಕೈಯಲ್ಲಿ ಟೈಪ್ ಮಾಡಿದ ನಂಬರ್‌ಗಳಿರುವ ಹಳೆಯ ಫೈಲಿಗೆ ಸ್ವಯಂ ನಂಬರ್ ಹಚ್ಚಿದರೆ "2.3 2.3 ನೀರಿನ ಪೂರೈಕೆ" ಎಂದು ಎರಡೆರಡು ಬರುತ್ತದೆ. ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ವೈಲ್ಡ್‌ಕಾರ್ಡ್ ಟಿಕ್ ಮಾಡಿ, ಫಾರ್ಮ್ಯಾಟ್‌ನಿಂದ ಸ್ಟೈಲ್ ಹೆಡಿಂಗ್ 2 ಎಂದು ಕೊಟ್ಟು, [0-9.]@ (ಅಂದರೆ ಅಂಕಿ, ಚುಕ್ಕೆಗಳ ಯಾವುದೇ ಸಾಲು) ಬರೆದು ಅದರ ನಂತರ ಒಂದು ಸ್ಪೇಸ್ ಬಿಟ್ಟು ಹುಡುಕಿ, ಬದಲಿಗೆ ಏನೂ ಕೊಡಬೇಡಿ. ಆದರೆ ರಿಪ್ಲೇಸ್ ಆಲ್ ಒತ್ತೀರಿ ಜೋಕೆ. "ಐಎಸ್ 456 ಪ್ರಕಾರ ವಿನ್ಯಾಸ" ಎಂಬ ಶೀರ್ಷಿಕೆಯಿದ್ದರೆ ಆ 456 ಕೂಡ ಹಾರಿಹೋಗುತ್ತದೆ. ಒಂದೊಂದೇ ನೋಡಿ ಬದಲಿಸಿ.

ನಾಲ್ಕು ಜನ ಬರೆದ ಅಧ್ಯಾಯಗಳನ್ನು ಕೂಡಿಸುವಾಗ ಅಂಟಿಸುವ ಆಯ್ಕೆಯಲ್ಲಿ 'ಯೂಸ್ ಡೆಸ್ಟಿನೇಶನ್ ಸ್ಟೈಲ್ಸ್' ಇರಲಿ. 'ಕೀಪ್ ಸೋರ್ಸ್ ಫಾರ್ಮ್ಯಾಟಿಂಗ್' ಕೊಟ್ಟರೆ ಬೇರೆಯವರ ಮನೆಯ ಪಟ್ಟಿ ನಿಮ್ಮ ಮನೆಗೆ ಬಂದಂತೆ. ಅಂಟಿಸಿದ ಬಳಿಕ ಮೇಲೆ ಹೇಳಿದ ಸೆಲೆಕ್ಟ್ ಆಲ್, ಕಂಟ್ರೋಲ್+ಕ್ಯೂ ಮತ್ತೊಮ್ಮೆ. ಪುಟ ಒಡೆಯಲು ಖಾಲಿ ಎಂಟರ್ ಒತ್ತಿದವರ ಫೈಲಿನಲ್ಲಿ ಖಾಲಿ ಹೆಡಿಂಗ್ ಪ್ಯಾರಾಗಳು ಅಡಗಿರುತ್ತವೆ. ನಡುವೆ ಹೆಸರಿಲ್ಲದ 5.4 ಕಂಡರೆ ಅದೇ ಕಳ್ಳ.

ತಿದ್ದಿದ್ದನ್ನೆಲ್ಲ ಗುರುತು ಮಾಡಿಟ್ಟುಕೊಳ್ಳುವ ಟ್ರ್ಯಾಕ್ ಚೇಂಜಸ್ ಚಾಲೂ ಇದ್ದಾಗ ಅಳಿಸಿದ ಹೆಡಿಂಗ್ ಕೂಡ, ಬದಲಾವಣೆಯನ್ನು ಒಪ್ಪುವವರೆಗೆ, ಎಣಿಕೆಯಲ್ಲಿ ಉಳಿದಿರುತ್ತದೆ. ಅದನ್ನು ನಂಬರ್ ತಪ್ಪಿದೆಯೆಂದು ತಿದ್ದಲು ಹೋದರೆ ಇಲ್ಲದ ರೋಗ ಬರಿಸಿಕೊಂಡಂತಾಗುತ್ತದೆ.

ಅನುಬಂಧ, ಚಿತ್ರ, ಉಲ್ಲೇಖ

ಅನುಬಂಧಗಳಿಗೆ ಪ್ರತ್ಯೇಕ ಪಟ್ಟಿ ಬೇಡ. ಅದೇ ಪಟ್ಟಿಯಲ್ಲಿ ಖಾಲಿ ಉಳಿದಿರುವ ಲೆವೆಲ್ 7ನ್ನು ಬಳಸಿ. ಪೆಟ್ಟಿಗೆಯಲ್ಲಿ "ಅನುಬಂಧ" ಎಂದು ಟೈಪ್ ಮಾಡಿ, ಸ್ಪೇಸ್ ಬಿಟ್ಟು, ನಂಬರ್ ಸ್ಟೈಲ್ ಎ, ಬಿ, ಸಿ ಆರಿಸಿ, ಹೆಡಿಂಗ್ 7ಕ್ಕೆ ಲಿಂಕ್ ಮಾಡಿ. ಅದರೊಳಗಿನ ವಿಭಾಗಕ್ಕೆ ಲೆವೆಲ್ 8, ಹೆಡಿಂಗ್ 8. ಪರಿವಿಡಿಯ ಆಪ್ಶನ್ಸ್‌ನಲ್ಲಿ ಹೆಡಿಂಗ್ 7ರ ಎದುರು 1, ಹೆಡಿಂಗ್ 8ರ ಎದುರು 2 ಎಂದು ಬರೆದರೆ ಅಧ್ಯಾಯಗಳ ಸಾಲಿನಲ್ಲೇ ಅನುಬಂಧಗಳೂ ಕೂರುತ್ತವೆ. ಕ್ರಾಸ್ ರೆಫರೆನ್ಸ್ ("ವಿಭಾಗ 4.6 ನೋಡಿ" ಎಂಬಂಥ ಉಲ್ಲೇಖವನ್ನು ವರ್ಡ್‌ನಿಂದಲೇ ಹಾಕಿಸುವುದು) ಕೊಟ್ಟಾಗ "ಅನುಬಂಧ" ಎಂಬ ಪದವೂ ನಂಬರಿನ ಜೊತೆಗೇ ಬರುತ್ತದೆ, ಆದ್ದರಿಂದ ವಾಕ್ಯದಲ್ಲಿ ಮತ್ತೆ ಆ ಪದ ಬರೆಯಬೇಡಿ.

ಚಿತ್ರಗಳಿಗೆ 3-1, 3-2 ಎಂಬಂತೆ ಅಧ್ಯಾಯದ ಅಂಕಿ ಬೇಕಿದ್ದರೆ ಇನ್ಸರ್ಟ್ ಕ್ಯಾಪ್ಶನ್, ನಂಬರಿಂಗ್, 'ಇನ್‌ಕ್ಲೂಡ್ ಚಾಪ್ಟರ್ ನಂಬರ್'. ಇಲ್ಲೊಂದು ಬಲೆಯಿದೆ. ಅನುಬಂಧದ ಚಿತ್ರಕ್ಕೆಂದು ಅದೇ ಲೇಬಲ್‌ನಲ್ಲಿ ಹೆಡಿಂಗ್ 7 ಆರಿಸಿದರೆ ಹಿಂದಿನ ಅಧ್ಯಾಯಗಳ ಚಿತ್ರಗಳ ನಂಬರೂ ಬದಲಾಗಿ ಹೋಗುತ್ತದೆ. ಅನುಬಂಧಕ್ಕೆ ಬೇರೆಯದೇ ಲೇಬಲ್ ಮಾಡಿಕೊಳ್ಳಿ.

ಕ್ರಾಸ್ ರೆಫರೆನ್ಸ್ ಫೀಲ್ಡ್‌ಗಳು ತಾವಾಗಿ ಬದಲಾಗುವುದಿಲ್ಲ. ಕಂಟ್ರೋಲ್+ಎ, ಎಫ್9. ಪರಿವಿಡಿ ಕೇಳಿದಾಗ 'ಅಪ್‌ಡೇಟ್ ಎಂಟೈರ್ ಟೇಬಲ್'. ಪಿಡಿಎಫ್ ಮಾಡುವ ಮುನ್ನ ಎರರ್ ಎಂಬ ಇಂಗ್ಲಿಷ್ ಪದವನ್ನು ಹುಡುಕಿ ನೋಡಿ. ಉಲ್ಲೇಖ ನಿಂತಿರುವುದು ಹೆಡಿಂಗ್‌ನೊಳಗಿನ ಗುಪ್ತ ಬುಕ್‌ಮಾರ್ಕ್ ಮೇಲೆ. ಹೆಡಿಂಗ್ ಪೂರ್ತಿ ಅಳಿಸಿ ಹೊಸದಾಗಿ ಬರೆದರೆ ಬುಕ್‌ಮಾರ್ಕ್ ಸತ್ತು "ರೆಫರೆನ್ಸ್ ಸೋರ್ಸ್ ನಾಟ್ ಫೌಂಡ್" ಎಂದು ಕೂಗುತ್ತದೆ. ಹೆಸರು ಬದಲಿಸುವಾಗ ನಡುವಿನ ಅಕ್ಷರಗಳನ್ನು ಮಾತ್ರ ತಿದ್ದಿ. ಹೆಡಿಂಗ್‌ನ ಶುರುವಿನಲ್ಲಿ ಎಂಟರ್ ಒತ್ತಿ ಮೇಲೆ ಪ್ಯಾರಾ ಸೇರಿಸಬೇಡಿ; ಬುಕ್‌ಮಾರ್ಕ್ ಆ ಪ್ಯಾರಾವನ್ನೂ ನುಂಗಿಕೊಳ್ಳುತ್ತದೆ. ಹಿಂದಿನ ಪ್ಯಾರಾದ ಕೊನೆಯಿಂದ ಶುರುಮಾಡಿ.

ಕನ್ನಡದ ಪಾಡು

ವರ್ಡ್‌ನ ನಂಬರ್ ಸ್ಟೈಲ್ ಪಟ್ಟಿಯಲ್ಲಿ ೧, ೨, ೩ ಇಲ್ಲ. ಅ, ಆ, ಇ ಕೂಡ ಇಲ್ಲ. ಡಾಕ್ಸ್ ಮಾನಕದಲ್ಲೇ ಹಿಂದಿಗೆ, ಥಾಯ್‌ಗೆ ಜಾಗವಿದೆ, ಕನ್ನಡಕ್ಕಿಲ್ಲ. ವೆಬ್ ಪುಟಗಳ ರೂಪ ನಿರ್ಧರಿಸುವ ಸಿಎಸ್ಎಸ್‌ನಲ್ಲಿ ಕನ್ನಡ ಎಂಬ ಎಣಿಕೆಯ ಶೈಲಿ ಸಿದ್ಧವಾಗಿಯೇ ಇರುವಾಗ ಇದು ಹೊಟ್ಟೆ ಉರಿಸುವ ಸಂಗತಿ. "ಅಧ್ಯಾಯ 3" ಎಂದು ಕನ್ನಡ ಪದ ಸೇರಿಸಲು ಅಡ್ಡಿಯಿಲ್ಲ. ಕಿಟಕಿಯ ಫಾಂಟ್ ಗುಂಡಿಯಲ್ಲಿ ನಿರ್ಮಲಾ ಯುಐ ಅಥವಾ ತುಂಗಾ ಕೊಟ್ಟುಬಿಡಿ.

ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ದಾಖಲೆಗಳಲ್ಲಿ ಒಂದು ತಮಾಷೆ ಕಾದಿರುತ್ತದೆ. ಪಟ್ಟಿಯಲ್ಲಿ ಫಾಂಟ್ ಹೇಳದಿದ್ದರೆ ನಂಬರ್ ತನ್ನ ರೂಪವನ್ನು ಪ್ಯಾರಾದ ಕೊನೆಯ ಗುರುತಿನಿಂದ ಪಡೆಯುತ್ತದೆ. ಆ ಗುರುತು ನುಡಿಯಲ್ಲಿದ್ದರೆ ಅನುಬಂಧ ಎ ಎಂಬಲ್ಲಿ ಇಂಗ್ಲಿಷಿನ ಎ ಬದಲು ಬರೀ ಅನುಸ್ವಾರ, ಬಿ ಬದಲು ವಿಸರ್ಗ, ಸಿ ಬದಲು ಅ ಮೂಡುತ್ತದೆ, ಏಕೆಂದರೆ ಆ ಫಾಂಟಿನಲ್ಲಿ ಇಂಗ್ಲಿಷ್ ದೊಡ್ಡಕ್ಷರಗಳ ಮನೆಯಲ್ಲಿ ಕನ್ನಡದ ಆಕಾರಗಳು ವಾಸವಾಗಿವೆ. ಇದನ್ನೇ ಉಪಾಯವಾಗಿ ತಿರುಗಿಸಿ, 'ಸ್ಟಾರ್ಟ್ ಆಟ್'ನಲ್ಲಿ ಸಿ ಕೊಟ್ಟು ಅ, ಆ, ಇ, ಈ ಬರಿಸಿಕೊಳ್ಳಲೂ ಬಹುದು. ಮುದ್ರಿಸಿ ಕೊಟ್ಟುಬಿಡುವ ದಾಖಲೆಗೆ ಅದು ನಡೆದೀತು. ಬೇರೆ ಫಾಂಟಿನ ವಾಕ್ಯದಲ್ಲಿ ಉಲ್ಲೇಖ ಬಂದ ಕೂಡಲೇ ಅದು ಮತ್ತೆ ಸಿ, ಡಿ ಆಗಿ ಬಣ್ಣ ಬಯಲಾಗುತ್ತದೆ.

ರೈಟರ್ ಜೊತೆ ಹೋಲಿಸಿದರೆ

ಲಿಬ್ರೆಆಫೀಸ್‌ನಲ್ಲಿ ಟೂಲ್ಸ್ ಮೆನುವಿನ 'ಹೆಡಿಂಗ್ ನಂಬರಿಂಗ್' ಒಂದೇ ಕಿಟಕಿ. ಹಳೆಯ ಆವೃತ್ತಿಗಳಲ್ಲಿ ಅದೇ 'ಚಾಪ್ಟರ್ ನಂಬರಿಂಗ್'. ಹತ್ತು ಲೆವೆಲ್‌ಗಳು ಹೆಡಿಂಗ್ ಸ್ಟೈಲ್‌ಗಳಿಗೆ ಮೊದಲೇ ಕಟ್ಟಿಕೊಂಡಿವೆ. ನಂಬರ್ ರೂಪ 1, 2, 3 ಎಂದು ಆರಿಸಿ, 'ಶೋ ಸಬ್‌ಲೆವೆಲ್ಸ್'ನಲ್ಲಿ ಲೆವೆಲ್ 2ಕ್ಕೆ 2, ಲೆವೆಲ್ 3ಕ್ಕೆ 3 ಕೊಟ್ಟರೆ ಕೆಲಸ ಮುಗಿಯಿತು. ಎರಡು ನಿಮಿಷ ಸಾಕು. ವರ್ಡ್‌ನ ಮೂರು ಮೆನು ಆಳದ ಕಿಟಕಿಯ ಮುಂದೆ ಇದು ಬಹಳ ಸಭ್ಯ. ಎಫ್5 ಒತ್ತಿ ನ್ಯಾವಿಗೇಟರ್‌ನಲ್ಲಿ ಅಧ್ಯಾಯವನ್ನೇ ಎಳೆದು ಬೇರೆಡೆ ಇಟ್ಟರೆ ನಂಬರ್‌ಗಳು ಹಿಂಬಾಲಿಸುತ್ತವೆ. ಈ ಸುಖ ವರ್ಡ್‌ನ ನ್ಯಾವಿಗೇಶನ್ ಪೇನ್‌ನಲ್ಲೂ ಉಂಟು. ರೈಟರ್ ಸೋಲುವುದು ಅನುಬಂಧದಲ್ಲಿ. ಅಲ್ಲಿ ಒಂದು ಲೆವೆಲ್‌ಗೆ ಒಂದೇ ಸ್ಟೈಲ್, ಆದ್ದರಿಂದ ಅಧ್ಯಾಯದ ಮಟ್ಟದಲ್ಲೇ ಅನುಬಂಧ ಕೂರಬೇಕೆಂದರೆ ಪ್ರತ್ಯೇಕ ಪ್ಯಾರಾ ಸ್ಟೈಲ್ ಮಾಡಿ, ಅದಕ್ಕೆ ಔಟ್‌ಲೈನ್ ಲೆವೆಲ್ 1 ಮತ್ತು ಬೇರೆ ಲಿಸ್ಟ್ ಸ್ಟೈಲ್ ಕೊಡಬೇಕು.

ಆದೇಶಗಳನ್ನು ಬರೆದು ದಾಖಲೆ ಕಟ್ಟುವ ಲೇಟೆಕ್ ಬಳಸುವವರಿಗೆ ಈ ಗೋಳೇ ಇಲ್ಲ, ಸಣ್ಣಪುಟ್ಟ ತಕರಾರು ಮಾತ್ರ. ಪುಸ್ತಕದ ಕ್ಲಾಸಿನಲ್ಲಿ ಅಧ್ಯಾಯ ಬರೆಯದೆ ಸೆಕ್ಷನ್ ಬರೆದರೆ 0.1 ಬರುತ್ತದೆ, ಒಂದೇ ಸಲ ಓಡಿಸಿದರೆ ಉಲ್ಲೇಖಗಳಲ್ಲಿ ಪ್ರಶ್ನಾರ್ಥಕ ಚಿಹ್ನೆ ಉಳಿಯುತ್ತದೆ, ಎರಡನೇ ಓಟದಲ್ಲಿ ಸರಿಯಾಗುತ್ತದೆ. ಆದರೆ ಟೆಂಡರ್ ಕರೆಯುವ ಕಚೇರಿ ಡಾಕ್ಸ್ ಫೈಲನ್ನೇ ಕೇಳುತ್ತದೆ, ಸಹಿ ಹಾಕುವವರು ಟ್ರ್ಯಾಕ್ ಚೇಂಜಸ್‌ನಲ್ಲೇ ತಿದ್ದುತ್ತಾರೆ.

ಹಾಗಾಗಿ ಡಾಕ್ಸ್ ಕೊಡಲೇಬೇಕಾದವರು ಮೊದಲಿನಿಂದ ಕೊನೆಯವರೆಗೆ ವರ್ಡ್‌ನಲ್ಲೇ ಇರುವುದು ಕ್ಷೇಮ. ಪಿಡಿಎಫ್ ಮಾತ್ರ ಸಾಕೆನ್ನುವವರು ರೈಟರ್‌ನಲ್ಲಿ, ಅದರದೇ ಓಡಿಟಿ ರೂಪದಲ್ಲಿ ಬರೆಯಲಿ, ಕಾಸೂ ಬೇಡ. ಒಂದೇ ಫೈಲನ್ನು ಬೆಳಿಗ್ಗೆ ರೈಟರ್‌ನಲ್ಲಿ, ಸಂಜೆ ವರ್ಡ್‌ನಲ್ಲಿ ತೆರೆದು ಉಳಿಸುತ್ತಾ ಹೋದರೆ ಪಟ್ಟಿಗಳು ಮರಿ ಹಾಕುತ್ತವೆ, ಜಾಗದ ಅಳತೆಗಳು ಸರಿದಾಡುತ್ತವೆ. ಅಂಥ ಫೈಲಿನಲ್ಲಿ ಕಂಟ್ರೋಲ್+ಕ್ಯೂ ಕೂಡ ಕೈಚೆಲ್ಲಿದರೆ, ಹೊಸ ಖಾಲಿ ಫೈಲಿನಲ್ಲಿ ಲಿಸ್ಟ್ ಸ್ಟೈಲ್ ಕಟ್ಟಿ, ಹಳೆಯದನ್ನು ಅಧ್ಯಾಯ ಅಧ್ಯಾಯವಾಗಿ ಡೆಸ್ಟಿನೇಶನ್ ಸ್ಟೈಲ್‌ನಲ್ಲಿ ಅಂಟಿಸಿ, ಒಂದೊಂದು ಅಧ್ಯಾಯ ಆದ ಮೇಲೂ ನಂಬರ್ ನೋಡಿಕೊಂಡೇ ಮುಂದಿನದಕ್ಕೆ ಹೋಗಿ.